ಎದ್ದು ನಿಂತು ಓದು!

ಅಮೆರಿಕದ ಹೈಸ್ಕೂಲುಗಳಲ್ಲಿ ಓದಲು ತಡವರಿಸುವ ಮಕ್ಕಳಿಗೆಂದೇ ನಡೆಯುವ ತರಗತಿಯನ್ನು ಮೊದಲ ಸಲ ನೋಡುವ ನಮ್ಮ ಕಡೆಯವರಿಗೆ ಒಂದು ಸಂಗತಿ ವಿಚಿತ್ರ ಅನ್ನಿಸುತ್ತದೆ. ಅಲ್ಲಿ ಯಾರೂ ಎದ್ದು ನಿಂತು ಓದುವುದಿಲ್ಲ. ಒಂಬತ್ತನೇ ಕ್ಲಾಸಿನ ಹುಡುಗ ಮೂಲೆಯ ಮೇಜಿನಲ್ಲಿ ಮೇಷ್ಟರ ಪಕ್ಕ ಕೂತು, ಬೇರೆಯವರಿಗೆ ಕೇಳದಷ್ಟು ಸಣ್ಣ ದನಿಯಲ್ಲಿ ಒಂದು ನಿಮಿಷ ಓದುತ್ತಾನೆ. ಮೇಷ್ಟರು ತಮ್ಮ ಪ್ರತಿಯಲ್ಲಿ ಗೀಟು ಹಾಕುತ್ತಾ ಹೋಗುತ್ತಾರೆ. ಬೈಗುಳವಿಲ್ಲ, ಕ್ಲಾಸಿನ ನಗುವಿಲ್ಲ. ನೋಡಿ ಖುಷಿಯಾಗುತ್ತದೆ, ಮರುಕ್ಷಣವೇ ಒಳಗೆ ಚುಚ್ಚುತ್ತದೆ. ಇಷ್ಟು ಮಾಡಲು ನಮಗೆ ದುಡ್ಡೇನೂ ಬೇಕಿರಲಿಲ್ಲವಲ್ಲ!

ನಮ್ಮಲ್ಲಿ? “ಏಯ್, ಲಾಸ್ಟ್ ಬೆಂಚು, ಎದ್ದು ಮುಂದಿನ ಪ್ಯಾರಾ ಓದು.” ಎರಡು ಸಾಲಿನಲ್ಲಿ ಮೂರು ಕಡೆ ನಿಂತನೋ, “ಎಮ್ಮೆ ಕಾಯೋಕೆ ಹೋಗು.” ಅಷ್ಟರಲ್ಲಿ ಮೇಷ್ಟರಿಗೆ ತಿಳಿದದ್ದು ಇವನಿಗೆ ಓದಲು ಬರುವುದಿಲ್ಲ ಎಂಬುದೊಂದೇ. ತೊಡಕು ಅಕ್ಷರದಲ್ಲೋ, ಪದದಲ್ಲೋ, ವೇಗದಲ್ಲೋ, ಅರ್ಥದಲ್ಲೋ ಎನ್ನುವುದು ಗೊತ್ತಾಗಲಿಲ್ಲ. ಬಾರದೆ ತಪ್ಪಿದ್ದು ಎಷ್ಟು, ಹೆದರಿ ತಪ್ಪಿದ್ದು ಎಷ್ಟು ಎಂದು ಬೇರ್ಪಡಿಸಲೂ ಆಗುವುದಿಲ್ಲ. ಸರದಿಯಲ್ಲಿ ಓದಿಸಿದರಂತೂ ಇನ್ನೊಂದು ಆಟ ನಡೆಯುತ್ತದೆ. ಹುಡುಗ ತನಗೆ ಬರುವ ಪ್ಯಾರಾ ಯಾವುದೆಂದು ಎಣಿಸಿ, ಅದೊಂದನ್ನೇ ಪಕ್ಕದವನ ಹತ್ತಿರ ಕೇಳಿ ಬಾಯಿಪಾಠ ಮಾಡಿಟ್ಟುಕೊಂಡಿರುತ್ತಾನೆ.

ಒಂದು ನಿಮಿಷದ ಓದಿಗೆ ಬೇಕಾದದ್ದು ಮಗು ಮೊದಲು ಕಂಡಿರದ, 150ರಿಂದ 200 ಪದಗಳ ಗದ್ಯದ ಎರಡು ಪ್ರತಿ. ತಪ್ಪಿದ ಪದಕ್ಕೆ ಗೀಟು ಹಾಕಿ, ಮಗು ಬಾಯಲ್ಲಿ ಏನು ಬಂತೋ ಅದನ್ನೇ ಮೇಲೆ ಬರೆಯಬೇಕು. ಮೂರು ಸೆಕೆಂಡು ನಿಂತರೆ ಪದ ಹೇಳಿಕೊಟ್ಟು, ತಪ್ಪೆಂದು ಎಣಿಸಿ ಮುಂದಕ್ಕೆ ಕಳಿಸಬೇಕು. ತಾನೇ ತಿದ್ದಿಕೊಂಡರೆ ತಪ್ಪಲ್ಲ. ನಿಮಿಷದಲ್ಲಿ ಸರಿಯಾಗಿ ಓದಿದ ಪದಗಳ ಎಣಿಕೆಯೇ ಅಂಕ. ಮೂರು ಗದ್ಯ ಓದಿಸಿ ನಡುವಿನ ಅಂಕ ಹಿಡಿದರೆ ಸಾಕು. ಕೊನೆಗೆ ಹಾಳೆ ಮುಚ್ಚಿಸಿ, ಓದಿದ್ದು ಏನೆಂದು ಹೇಳಿಸಬೇಕು. ಇಂಗ್ಲಿಷಿನಲ್ಲಿ ಎಂಟನೇ ತರಗತಿಗೆ ನಿಮಿಷಕ್ಕೆ ಸುಮಾರು 150 ಪದ ಎಂಬ ಲೆಕ್ಕವಿದೆ. ಅದನ್ನು ಹಾಗೇ ತಂದು ಕನ್ನಡಕ್ಕೆ ಅಂಟಿಸಬಾರದು. ‘ಹೋಗಬೇಕಾಗಿತ್ತು’ ನಮಗೆ ಒಂದೇ ಪದ. ಮಗುವಿನ ಹಿಂದಿನ ತಿಂಗಳ ಅಂಕವೇ ಸರಿಯಾದ ಅಳತೆ.

ಬೆಲೆ ಇರುವುದು ಅಂಕಕ್ಕಿಂತ ಗೀಟಿನ ಮೇಲೆ ಬರೆದದ್ದಕ್ಕೆ. ‘ಸ್ವಾತಂತ್ರ್ಯ’ವನ್ನು ‘ಸಾತಂತ’ ಎಂದರೆ ಒತ್ತಕ್ಷರ ಕಣ್ಣಿಗೆ ಬಿದ್ದೇ ಇಲ್ಲ. ‘ಸೂರ್ಯ’ವನ್ನು ‘ಸೂಯ್ರ’ ಎಂದರೆ ಅರ್ಕಾವತ್ತು ತಿಳಿದಿಲ್ಲ. ಅದರ ‘ರ್’ ಬರೆಯುವುದು ಆಮೇಲೆ, ಉಚ್ಚರಿಸುವುದು ಮೊದಲು ಎಂದು ಯಾರೂ ಬಿಡಿಸಿ ಹೇಳಿಲ್ಲ. ‘ಪರಿಣಾಮ’ ಇದ್ದಲ್ಲಿ ‘ಪರಿಸರ’ ಎಂದರೆ ಮೊದಲ ಎರಡು ಅಕ್ಷರ ನೋಡಿ ಉಳಿದದ್ದನ್ನು ಊಹಿಸುತ್ತಿದ್ದಾನೆ. ಎಲ್ಲಕ್ಕಿಂತ ಅಪಾಯದ್ದು ‘ಹೋಗದಿದ್ದರೆ’ ಇದ್ದಲ್ಲಿ ‘ಹೋಗಿದ್ದರೆ’ ಅನ್ನುವುದು. ಸರಾಗವಾಗಿ ಓದಿದಂತೆಯೇ ಕೇಳುತ್ತದೆ, ಅರ್ಥ ಮಾತ್ರ ತಲೆಕೆಳಗು. ಆದರೆ ‘ಹಾಲು’ ‘ಆಲು’ ಆದರೆ, ‘ಶಾಲೆ’ ‘ಸಾಲೆ’ ಆದರೆ ಅದು ಓದಿನ ತಪ್ಪಲ್ಲ, ಮನೆಯ ಮಾತು. ಅಲ್ಲಿ ಗೀಟು ಹಾಕಲೇಬಾರದು. ನಮ್ಮ ಮೇಷ್ಟರುಗಳು ಮೊದಲು ತಿದ್ದುವುದೇ ಅದನ್ನು. ಮಗು ಬಾಯಿ ಮುಚ್ಚುವುದೂ ಅಲ್ಲೇ.

ಕನ್ನಡದ ಅಕ್ಷರಗಳು ಪೂರ್ತಿ ಕೈವಶವಾಗುವ ಕೆಲಸ ನಾಲ್ಕನೇ ತರಗತಿಯವರೆಗೂ ಎಳೆಯುತ್ತದೆ ಎಂದು ಓದಿನ ಕಲಿಕೆಯ ಸಂಶೋಧಕಿ ಸೋನಾಲಿ ನಾಗ್ 2007ರಲ್ಲೇ ತೋರಿಸಿದ್ದಾರೆ. ಕಾಗುಣಿತ, ಒತ್ತಕ್ಷರ ಎಲ್ಲ ಎರಡನೇ ತರಗತಿಗೇ ಮುಗಿಯಿತೆಂದು ನಾವು ಪುಟ ತಿರುಗಿಸಿಬಿಡುತ್ತೇವೆ. ಆ ತಿಂಗಳುಗಳಲ್ಲಿ ಜ್ವರ ಬಂದು ಮಲಗಿದ, ಅಪ್ಪ-ಅಮ್ಮನ ಜೊತೆ ಗುಳೆ ಹೋದ ಮಗುವಿಗೆ ಅದು ಮತ್ತೆ ಎಂದೂ ಸಿಗುವುದಿಲ್ಲ. ಎಂಟನೇ ಕ್ಲಾಸಿನ ವಿಜ್ಞಾನದಲ್ಲಿ ‘ದ್ಯುತಿಸಂಶ್ಲೇಷಣೆ’ ಎದುರಾದಾಗ ಮಗು ದಡ್ಡ ಅನ್ನಿಸಿಕೊಳ್ಳುತ್ತದೆ.

ರಿಪೇರಿ ಕಷ್ಟವಲ್ಲ, ಬೇಜಾರಿನ ಕೆಲಸ ಅಷ್ಟೆ. ದಿನಕ್ಕೆ ಹತ್ತು ನಿಮಿಷ ಒತ್ತಕ್ಷರ. ಮೊದಲು ಕತೆ–ಕತ್ತೆ, ಹಳಿ–ಹಳ್ಳಿ, ಬಳಿ–ಬಳ್ಳಿಯಂಥ ಜೋಡಿಗಳು, ಆಮೇಲೆ ಭಕ್ತ, ರಾಷ್ಟ್ರ, ಶಾಸ್ತ್ರ, ಕೊನೆಗೆ ಅರ್ಕಾವತ್ತು. ಎಲ್ಲವನ್ನೂ ಒಂದೇ ವಾರ ಸುರಿದರೆ ಒಂದೂ ನಿಲ್ಲುವುದಿಲ್ಲ. ಉದ್ದ ಪದವನ್ನು ಪೆನ್ಸಿಲಿನಲ್ಲಿ ತುಂಡು ಮಾಡಿಸಬೇಕು: ದ್ಯುತಿ, ಸಂ, ಶ್ಲೇಷಣೆ. ಆಮೇಲೆ ನೂರು ಪದದ ಒಂದು ಗದ್ಯ. ಮೇಷ್ಟರು ಒಮ್ಮೆ ಓದಿ ಕೇಳಿಸುತ್ತಾರೆ, ಮಗು ಮೂರು-ನಾಲ್ಕು ಸಲ ಓದುತ್ತದೆ. ಇಲ್ಲಿ ಎರಡು ಕಡೆ ಎಡವುತ್ತಾರೆ. ಗಡಿಯಾರ ನೋಡಿ ಓಡಿಸಿದರೆ ಮಗು ಪೂರ್ಣವಿರಾಮವನ್ನೂ ನುಂಗಿಕೊಂಡು ಓಡುತ್ತದೆ. ಅದೇ ಗದ್ಯದಲ್ಲಿ ಪರೀಕ್ಷಿಸಿದರೆ ಸಿಗುವುದು ಬಾಯಿಪಾಠ, ಪ್ರಗತಿಯಲ್ಲ; ಅದಕ್ಕೆ ಹೊಸ ಗದ್ಯವೇ ಬೇಕು. ಹದಿನಾಲ್ಕು ವರ್ಷದವನ ಕೈಗೆ ಚಿಕ್ಕ ತರಗತಿಗಳ ನಲಿಕಲಿಯ ಕಾರ್ಡು ಕೊಡುವುದಂತೂ ಅವಮಾನ. ಭಾಷೆ ಸುಲಭವಾಗಿರಬೇಕು, ವಿಷಯ ವಯಸ್ಸಿಗೆ ತಕ್ಕದ್ದಿರಬೇಕು. ಕ್ರಿಕೆಟ್ ವರದಿ ಆದೀತು, ಗುಬ್ಬಚ್ಚಿ ಕತೆ ಬೇಡ.

ಇದಕ್ಕೆ ಬದಲು ನಾವು ಕೊಡುವುದು ಪಾಸಾಗಲು ಬೇಕಾದಷ್ಟನ್ನೇ ಕಟ್ಟಿಕೊಡುವ ‘ಪಾಸಿಂಗ್ ಪ್ಯಾಕೇಜು’. ಪ್ರಶ್ನೆಯಲ್ಲಿರುವ ಪದವನ್ನು ಪಾಠದಲ್ಲಿ ಹುಡುಕಿ, ಆ ಸಾಲನ್ನು ಹಾಗೇ ಉತ್ತರಪತ್ರಿಕೆಗೆ ಇಳಿಸುವ ಕಲೆ ಮಕ್ಕಳಿಗೆ ಚೆನ್ನಾಗಿ ಒಲಿದಿದೆ. ಎಸ್ಸೆಸ್ಸೆಲ್ಸಿ ದಾಟುತ್ತಾರೆ, ಬಸ್ಸಿನಲ್ಲಿ ಕೂತು ಪೇಪರ್ ಓದಲಾರರು. ಪ್ರಥಮ್ ಸಂಸ್ಥೆಯ ಕಲಿಕಾ ಸಮೀಕ್ಷೆಯಾದ ಅಸರ್‌ನ 2023ರ ವರದಿ 14ರಿಂದ 18 ವಯಸ್ಸಿನ ಗ್ರಾಮೀಣ ಮಕ್ಕಳನ್ನು ನೋಡಿದ್ದು, ಸುಮಾರು ಕಾಲು ಭಾಗದವರಿಗೆ ತಮ್ಮ ಭಾಷೆಯ ಎರಡನೇ ತರಗತಿಯ ಗದ್ಯವೂ ಸರಾಗವಾಗಿ ಬರುತ್ತಿರಲಿಲ್ಲ. ಅದು 26 ರಾಜ್ಯಗಳ 28 ಜಿಲ್ಲೆಗಳ ಮಾದರಿ, ಕರ್ನಾಟಕದ್ದಷ್ಟೇ ಅಲ್ಲ. ಅಷ್ಟಕ್ಕೇ ಸಮಾಧಾನಪಟ್ಟುಕೊಳ್ಳುವವರು ಪಟ್ಟುಕೊಳ್ಳಲಿ.

ಸರಿ, ಅಮೆರಿಕದ್ದೇನೂ ಚಿನ್ನವಲ್ಲ ಅನ್ನುವುದನ್ನೂ ಹೇಳಬೇಕಾಗುತ್ತದೆ. ಅಲ್ಲಿನ 2024ರ ರಾಷ್ಟ್ರೀಯ ಪರೀಕ್ಷೆಯಲ್ಲಿ ಎಂಟನೇ ತರಗತಿಯ ಮೂವರಲ್ಲಿ ಒಬ್ಬರು ಓದಿನ ತಳಮಟ್ಟವನ್ನೂ ಮುಟ್ಟಲಿಲ್ಲ. ಪದ ಬಾರದಿದ್ದರೆ ಚಿತ್ರ ನೋಡಿ ಊಹಿಸು ಎಂದು ಎಷ್ಟೋ ಶಾಲೆಗಳು ವರ್ಷಗಟ್ಟಲೆ ಕಲಿಸಿ ತಾವೇ ಗುಂಡಿ ತೋಡಿಕೊಂಡಿವೆ. ಅವರ ಇಂಗ್ಲಿಷ್ ಸ್ಪೆಲಿಂಗಿನ ಗೋಜಲು ನಮಗಿಲ್ಲ. ಅಕ್ಷರ ಬಂತೆಂದರೆ ಕನ್ನಡದಲ್ಲಿ ಪದ ಬಂದ ಹಾಗೆಯೇ. ದನಿಗೂಡಿಸಿ ಪದ್ಯ ಹೇಳಿಸುವ ನಮ್ಮ ಹಳೆಯ ಪದ್ಧತಿ, ಪುಸ್ತಕ ಕಣ್ಣ ಮುಂದಿದ್ದು ಬೆರಳು ಸಾಲಿನ ಮೇಲಿದ್ದರೆ, ವೇಗ ಕಲಿಸಲು ಒಳ್ಳೆಯ ಉಪಾಯವೇ. ಒಬ್ಬನ ತಪ್ಪು ಎಲ್ಲರಿಗೂ ಕೇಳುವುದಿಲ್ಲ ಎಂಬ ಲಾಭ ಬೇರೆ. ಮೇಷ್ಟರ ಪಕ್ಕ ನಾಲ್ಕೈದೇ ಮಕ್ಕಳು ಕೂರುವ ಭಾಗ್ಯವೂ ನಮ್ಮಲ್ಲಿ ಇಲ್ಲ, ಒಪ್ಪಿದೆ.

ಅರವತ್ತು ಮಕ್ಕಳ ಕ್ಲಾಸಿನಲ್ಲೂ ಉಳಿದವರಿಗೆ ಲೆಕ್ಕ ಬರೆಯಲು ಕೊಟ್ಟು, ದಿನಕ್ಕೆ ಐವರನ್ನು ಒಬ್ಬೊಬ್ಬರನ್ನಾಗಿ ಕರೆದರೆ ಹನ್ನೆರಡು ದಿನದಲ್ಲಿ ಎಲ್ಲರ ಮೊದಲ ಓದೂ ಕೇಳಿ ಮುಗಿಯುತ್ತದೆ. ತಡವರಿಸಿದವರನ್ನು ಮಾತ್ರ ಉಳಿದೆರಡು ಗದ್ಯಕ್ಕೆ ಮತ್ತೆ ಕರೆದರಾಯಿತು. ಕನ್ನಡ ಮೇಷ್ಟರೇ ಆಗಬೇಕೆಂದಿಲ್ಲ. ಓದಲಾಗದ ಮಗುವಿನಿಂದ ಹೆಚ್ಚು ತೊಂದರೆ ಪಡುವವರು ವಿಜ್ಞಾನ, ಸಮಾಜದವರು, ಅವರೇ ಕೇಳಲಿ. ಪೋರ್ಷನ್ ಮುಗಿಸಬೇಕಲ್ಲ ಎಂಬ ಮಾತು ಬಂದೇ ಬರುತ್ತದೆ. ಓದಲು ಬಾರದವನ ಪಾಲಿಗೆ ಮುಗಿದ ಪೋರ್ಷನ್ ಯಾವುದು ಎಂದು ಮುಖ್ಯೋಪಾಧ್ಯಾಯರನ್ನು ಕೇಳಿ ನೋಡಿ.