ಕುಂಕುಮದ ಭರಣಿಯಲ್ಲಿದ್ದ ಬೀಗದ ಕೈ

ತುಮಕೂರಿನ ಚಿಕ್ಕಪೇಟೆಯಲ್ಲಿರುವ ನನ್ನ ಸೋದರಮಾವನ ಮನೆಯ ದೇವರ ಗೂಡಿನಲ್ಲಿ, ಗಂಟೆಗೂ ಅರಿಶಿನದ ಬಟ್ಟಲಿಗೂ ನಡುವೆ ಒಂದು ಬೆಳ್ಳಿಯ ಭರಣಿ ಇದೆ. ಅದರೊಳಗೆ ಕುಂಕುಮದಲ್ಲಿ ಕತ್ತಿನವರೆಗೆ ಹೂತುಕೊಂಡು ಒಂದು ಹಸಿರು ಡಾಂಗಲ್ ಕುಳಿತಿರುತ್ತದೆ. ಹೆಬ್ಬೆರಳಿನ ಗೆಣ್ಣಿನಷ್ಟು ಉದ್ದ. ಅದನ್ನು ಕಂಪ್ಯೂಟರಿಗೆ ಚುಚ್ಚಿದರೆ ಮಾತ್ರ ಮಾವ ಜಾತಕ ಬರೆಯುವ ತಂತ್ರಾಂಶ ಬಾಯಿ ಬಿಡುತ್ತದೆ, ಇಲ್ಲವಾದರೆ ಮೌನವ್ರತ. ಅದನ್ನು ಮಾರಿದವರು ಅಂಗಡಿ ಮುಚ್ಚಿ ಎಷ್ಟೋ ವರ್ಷಗಳಾದವು. ಕಳೆದುಹೋದರೆ ಇನ್ನೊಂದು ಸಿಗುವುದಿಲ್ಲ ಎಂದು ನಾನೇ ಒಮ್ಮೆ ಹೇಳಿದ್ದೆ. ಅತ್ತೆ ಅದನ್ನು ಮನೆಯಲ್ಲಿ ಅತ್ಯಂತ ಭದ್ರವೆಂದು ತಮಗೆ ತೋರಿದ ಜಾಗದಲ್ಲಿ ಇಟ್ಟರು. ಮಾವ ಅದನ್ನು ಡಾಂಗಲ್ ಎಂದು ಕರೆಯುವುದಿಲ್ಲ, ‘ಬೀಗದ ಕೈ’ ಎನ್ನುತ್ತಾರೆ. ಯೋಚಿಸಿದರೆ ಅದೇ ಸರಿಯಾದ ಹೆಸರು.

ಮಾವ ನಿವೃತ್ತ ಮುಖ್ಯೋಪಾಧ್ಯಾಯರು. ನನಗೆ ಕಾಗುಣಿತ ಕಲಿಸಿದವರೂ ಅವರೇ, ಒತ್ತಕ್ಷರ ಬಿಟ್ಟಿದ್ದಕ್ಕೆ ಬೆರಳಿನ ಗೆಣ್ಣಿಗೆ ಅಡಿಕೋಲಿನಿಂದ ಕೊಟ್ಟವರೂ ಅವರೇ. ನಿವೃತ್ತಿಯ ನಂತರ ಜಾತಕ, ಸಾಲಾವಳಿ, ಗೃಹಪ್ರವೇಶದ ಮುಹೂರ್ತ ಎಂದು ಕೈತುಂಬ ಕೆಲಸ ಮಾಡಿಕೊಂಡಿದ್ದಾರೆ. ಕಳೆದ ಆಷಾಢದಲ್ಲಿ ಅವರ ಹಳೆಯ ಕಂಪ್ಯೂಟರ್ ಪ್ರಾಣ ಬಿಟ್ಟಿತು. ಹೊಸ ಲ್ಯಾಪ್‌ಟಾಪ್ ಬಂತು. ಬೆಂಗಳೂರಿಗೆ ದಿನಾ ರೈಲಿನಲ್ಲಿ ಹೋಗಿ ಬರುವ, ಕಂಪ್ಯೂಟರ್ ವಿಷಯದಲ್ಲಿ ಬಿಟ್ಟಿ ಸಲಹೆ ಕೊಡದೆ ಉಂಡ ಅನ್ನ ಅರಗದ ನಾನು, ‘ವಿಂಡೋಸ್‌ಗೆ ಯಾಕೆ ದುಡ್ಡು ಸುರಿಯುತ್ತೀರಿ ಮಾವ, ಲಿನಕ್ಸ್ ಹಾಕಿ ಕೊಡುತ್ತೇನೆ, ಪುಕ್ಕಟೆ’ ಎಂದೆ. ಹಾಕಿಯೂ ಕೊಟ್ಟೆ. ಮರುದಿನ ಜಾತಕದ ತಂತ್ರಾಂಶ ವಿಂಡೋಸ್ 7ರಲ್ಲಿ ಮಾತ್ರ ನಡೆಯುತ್ತದೆ ಎನ್ನುವುದು ನೆನಪಾಯಿತು. ಆ ವಿಂಡೋಸ್ 7ಕ್ಕೆ ಅದರ ತಾಯಿಮನೆಯವರೇ 2020ರ ಜನವರಿ 14ರಂದು ಎಳ್ಳುನೀರು ಬಿಟ್ಟಿದ್ದಾರೆ.

ಇದಕ್ಕೆಲ್ಲ ಪರಿಹಾರ ವರ್ಚುವಲ್ ಮಷೀನ್. ಲಿನಕ್ಸ್ ಒಳಗೇ ಒಂದು ಕಿಟಕಿ ತೆರೆದು, ಅದರೊಳಗೆ ಹಳೆಯ ವಿಂಡೋಸ್ ಅನ್ನು ಕೂರಿಸುವುದು. ಮಾವನಿಗೆ ಹೀಗೆ ವಿವರಿಸಿದೆ: ‘ನಿಮ್ಮ ತೊಟ್ಟಿ ಮನೆಯಲ್ಲಿ ಒಂದು ಕೋಣೆಯನ್ನು ಬಾಡಿಗೆಗೆ ಕೊಟ್ಟ ಹಾಗೆ. ಬಾಡಿಗೆದಾರ ಅದೇ ಪೂರ್ತಿ ಮನೆ ಅಂದುಕೊಂಡಿರುತ್ತಾನೆ. ಆದರೆ ನೀರು, ಕರೆಂಟು ಎಲ್ಲ ಮನೆಯ ಯಜಮಾನನ ಮೂಲಕವೇ ಹೋಗಬೇಕು.’

ಮಾವ ಕನ್ನಡಕದ ಮೇಲಿನಿಂದ ನೋಡಿದರು. ‘ಬೀಗದ ಕೈ?’

‘ಅದೂ ಯಜಮಾನನ ಮೂಲಕವೇ.’

‘ಯಜಮಾನ ಕೊಡುತ್ತಾನೋ?’

ಕೊಡುತ್ತಾನೆ ಎಂದೆ. ಅಷ್ಟು ಧೈರ್ಯವಾಗಿ ಹೇಳಬಾರದಿತ್ತು.

ಅಂದು ಭಾನುವಾರ. ತಿಪಟೂರಿನ ಕಡೆಯ ಒಂದು ಕುಟುಂಬ ಹುಡುಗ ಹುಡುಗಿಯ ಜಾತಕ ಹಿಡಿದು ಮಧ್ಯಾಹ್ನ ಮೂರಕ್ಕೆ ಬರುವುದಿತ್ತು. ನಾಲ್ಕೂವರೆಗೆ ರಾಹುಕಾಲ ಶುರು. ಅಷ್ಟರೊಳಗೆ ಸಾಲಾವಳಿ ಅವರ ಕೈಗೆ ಹೋಗಬೇಕು ಎಂದು ಮಾವನ ಕಟ್ಟಪ್ಪಣೆ. ಹುಡುಗ ಬೆಂಗಳೂರಿನವನಂತೆ, ಬಾಯಿಮಾತು ಸಾಲದು, ಬಣ್ಣದಲ್ಲಿ ಮುದ್ರಿಸಿದ ಹಾಳೆಯೇ ಬೇಕಂತೆ. ನಾನು ಬೆಳಿಗ್ಗೆ ಕ್ಯಾತ್ಸಂದ್ರದಿಂದ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಹತ್ತು ಗಂಟೆಗೆ ಹಾಜರಾದೆ. ಅರ್ಧ ಗಂಟೆಯ ಕೆಲಸ ಎಂದುಕೊಂಡು ಸಂಜೆ ಅಮಾನಿಕೆರೆಯ ಕಡೆ ಸುತ್ತಾಡಲು ಹೆಂಡತಿಗೆ ಮಾತು ಕೊಟ್ಟು ಬಂದಿದ್ದೆ.

ಡಾಂಗಲ್ ಚುಚ್ಚಿದೆ. ಹೋಗಲಿಲ್ಲ. ತಿರುಗಿಸಿ ಚುಚ್ಚಿದೆ. ಹೋಗಲಿಲ್ಲ. ಮತ್ತೆ ಮೊದಲಿನಂತೆಯೇ ಹಿಡಿದು ಚುಚ್ಚಿದೆ. ಹೋಯಿತು. 1996ರಲ್ಲಿ ಬಂದ ಈ ಯುಎಸ್‌ಬಿಯ ಹಿಂದಿನ ತಲೆಗಳಲ್ಲಿ ದೊಡ್ಡದು ನಮ್ಮ ವಡೋದರದ ಅಜಯ್ ಭಟ್ ಅವರದು. ಎರಡೂ ಕಡೆಯಿಂದ ಚುಚ್ಚುವಂತೆ ಮಾಡಿದ್ದರೆ ತಂತಿಯೂ ಖರ್ಚೂ ಇಮ್ಮಡಿಯಾಗುತ್ತಿತ್ತು ಎಂದು ಅವರು ಆಮೇಲೆ ವಿವರಣೆ ಕೊಟ್ಟಿದ್ದಾರೆ. ಮನೆ ಖರ್ಚಿನ ಲೆಕ್ಕ ಬರೆದು ಗೊತ್ತಿರುವ ನಾನು ಅವರನ್ನು ಎಂದೋ ಕ್ಷಮಿಸಿದ್ದೇನೆ.

ಚುಚ್ಚಿದ್ದಾಯಿತು, ದೀಪ ಹತ್ತಲಿಲ್ಲ. ಹೊರಗೆ ತೆಗೆದು ಬೆಳಕಿಗೆ ಹಿಡಿದು ನೋಡಿದೆ. ತಗಡಿನ ಬಾಯಿಯ ಒಳಗೆ, ನಾಲಿಗೆಯ ಮೇಲೆ ನಾಲ್ಕು ಚಿನ್ನದ ಬಣ್ಣದ ಪಟ್ಟಿಗಳಿರಬೇಕು: ಎರಡು ವಿದ್ಯುತ್ತಿಗೆ, ಎರಡು ಮಾಹಿತಿಗೆ. ಅಲ್ಲಿ ಒಂದೂ ಕಾಣುತ್ತಿರಲಿಲ್ಲ. ತುಂಬ ಕುಂಕುಮ! ಭರಣಿಯ ಎಣ್ಣೆಯ ಪಸೆಗೆ ಅದು ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಬೆಂಕಿಕಡ್ಡಿಗೆ ಹತ್ತಿ ಸುತ್ತಿ ಸ್ವಲ್ಪ ಸ್ವಲ್ಪವೇ ಕೆರೆದು ತೆಗೆದೆ. ಪಕ್ಕದಲ್ಲಿ ನಿಂತಿದ್ದ ಅತ್ತೆ ಉದುರಿದ್ದನ್ನು ತುಳಿಯಬಾರದೆಂದು ಅಂಗೈ ಒಡ್ಡಿ ಹಿಡಿದುಕೊಂಡು, ಕೊನೆಗೆ ನನ್ನ ಹಣೆಗೇ ಹಚ್ಚಿದರು. ಮತ್ತೆ ಚುಚ್ಚಿದಾಗ ಹಸಿರು ದೀಪ ಹತ್ತಿತು. ನನ್ನ ಪಾಲಿಗೆ ಕೆಲಸ ಮುಗಿದ ಹಾಗೆಯೇ ಅನ್ನಿಸಿತು. ಆಗ ಗಂಟೆ ಹತ್ತೂಮುಕ್ಕಾಲು.

ಬಾಡಿಗೆದಾರ ವಿಂಡೋಸ್ ಎದ್ದು ಕುಳಿತ. ತಂತ್ರಾಂಶ ತೆರೆದರೆ ‘ಬೀಗ ಕಾಣುತ್ತಿಲ್ಲ’ ಎಂದಿತು. ವರ್ಚುವಲ್ ಮಷೀನಿನ ಪಟ್ಟಿಗೆ ಹೋಗಿ ಯುಎಸ್‌ಬಿ ಎನ್ನುವಲ್ಲಿ ನೋಡಿದರೆ, ಮಸುಕು ಅಕ್ಷರದಲ್ಲಿ ಒಂದೇ ಸಾಲು: ಯಾವ ಸಾಧನವೂ ಜೋಡಿಸಿಲ್ಲ. ಕಣ್ಣೆದುರು ದೀಪ ಉರಿಯುತ್ತಿದೆ, ಜೋಡಿಸಿಲ್ಲವಂತೆ!

ಲಿನಕ್ಸ್‌ಗಾದರೂ ಕಾಣುತ್ತಿದೆಯೇ ಎಂದು ‘ಎಲ್‌ಎಸ್‌ಯುಎಸ್‌ಬಿ’ ಎಂಬ ಆಜ್ಞೆ ಕೊಟ್ಟೆ. ಚುಚ್ಚಿದ್ದನ್ನೆಲ್ಲ ಅದು ಸಾಲಾಗಿ ಹೇಳುತ್ತದೆ. ಮೌಸ್ ಇತ್ತು, ಕೀಬೋರ್ಡ್ ಇತ್ತು, ಕ್ಯಾಮೆರಾ ಇತ್ತು, ಕೊನೆಯಲ್ಲಿ ಡಾಂಗಲ್ಲೂ ಇತ್ತು. ಪ್ರತಿಯೊಂದರ ಮುಂದೆಯೂ ನಾಲ್ಕು ಅಂಕಿಗಳ ಎರಡು ಸಂಖ್ಯೆಗಳು. ಅದೇನೆಂದು ಮಾವ ಕೇಳಿದರು. ‘ಮೊದಲನೆಯದು ತಯಾರಿಸಿದವರ ಗುರುತು, ಎರಡನೆಯದು ಆ ವಸ್ತುವಿನ ಗುರುತು’ ಎಂದೆ. ‘ಗೋತ್ರ ಮತ್ತು ನಕ್ಷತ್ರ ಎನ್ನು’ ಎಂದರು. ಇಷ್ಟು ವರ್ಷಗಳಲ್ಲಿ ನನಗೆ ಯಾರೂ ಇಷ್ಟು ಚೆನ್ನಾಗಿ ವಿವರಿಸಿರಲಿಲ್ಲ.

ಅಂದರೆ ಯಜಮಾನನಿಗೆ ಕಾಣುತ್ತದೆ, ಬಾಡಿಗೆದಾರನಿಗೆ ಕಾಣುವುದಿಲ್ಲ. ಬೆಂಗಳೂರಿನ ಸಹೋದ್ಯೋಗಿಗೆ ಫೋನು ಮಾಡಿದೆ. ವರ್ಚುವಲ್ ಮಷೀನ್ ನಡೆಸುವ ವರ್ಚುವಲ್‌ಬಾಕ್ಸ್ ತಂತ್ರಾಂಶದ ವಿಸ್ತರಣಾ ಕಟ್ಟನ್ನು ಹಾಕಿದೆಯಾ ಎಂದು ಕೇಳಿದ. ಹಾಕಲು ಮುಕ್ಕಾಲು ಗಂಟೆ ಹಿಡಿಯಿತು. ಮಾವನ ಮನೆಯ ಇಂಟರ್‌ನೆಟ್ ನಡುಮನೆಯ ಕಿಟಕಿಯ ಬಳಿ ಮಾತ್ರ ಉಸಿರಾಡುತ್ತದೆ. ಏನೂ ಬದಲಾಗಲಿಲ್ಲ. 2022ರಲ್ಲಿ ಬಂದ 7.0 ಆವೃತ್ತಿಯಿಂದ ಈಚೆಗೆ ಯುಎಸ್‌ಬಿಗೆ ಆ ಕಟ್ಟು ಬೇಕಾಗಿಯೇ ಇಲ್ಲ ಎಂದು ಆಮೇಲೆ ತಿಳಿಯಿತು. ನನ್ನ ಸಹೋದ್ಯೋಗಿಯ ಸಲಹೆಗಳೆಲ್ಲ ಹೀಗೆಯೇ, ಹೋದ ವರ್ಷದ ಪಂಚಾಂಗ.

ನಿಜವಾದ ಕಾರಣ ತೀರ ಸಣ್ಣದು. ಲಿನಕ್ಸ್‌ನಲ್ಲಿ ‘ವಿಬಾಕ್ಸ್‌ಯೂಸರ್ಸ್’ ಎಂಬ ಒಂದು ಗುಂಪಿದೆ. ಆ ಪಂಕ್ತಿಯಲ್ಲಿ ಕುಳಿತವರ ವರ್ಚುವಲ್ ಮಷೀನಿಗೆ ಮಾತ್ರ ಯುಎಸ್‌ಬಿ ಬಡಿಸುತ್ತಾರೆ. ಮಾವನ ಹೆಸರು ಆ ಪಂಕ್ತಿಯಲ್ಲಿ ಇರಲಿಲ್ಲ. ಸೇರಿಸುವ ಆಜ್ಞೆ ಒಂದೇ ಸಾಲು: ಯೂಸರ್‌ಮಾಡ್, ಒಂದು ಅಡ್ಡಗೆರೆ, ಎರಡು ಅಕ್ಷರ, ಗುಂಪಿನ ಹೆಸರು, ಮಾವನ ಹೆಸರು. ಮುಂದೆ ಬೇಕಾದೀತೆಂದು ಅದನ್ನು ಮಾವನ ನೋಟ್‌ಬುಕ್ಕಿನಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದೆ, ಬರೆದದ್ದನ್ನೇ ನೋಡಿಕೊಂಡು ಒತ್ತಿದೆ. ಏನೂ ಗೊಣಗದೆ ಒಪ್ಪಿಕೊಂಡಿತು. ಪಟ್ಟಿಯಲ್ಲಿ ನೋಡಿದರೆ ಡಾಂಗಲ್ ಈಗಲೂ ಇಲ್ಲ. ಒಮ್ಮೆ ಲಾಗೌಟ್ ಆಗಿ ಮತ್ತೆ ಒಳಗೆ ಬರಬೇಕಂತೆ.

‘ಸರಿಯಾಗಿಯೇ ಇದೆ’ ಎಂದರು ಮಾವ. ‘ಹಾಜರಿ ಪುಸ್ತಕಕ್ಕೆ ಮಧ್ಯಾಹ್ನ ಹೆಸರು ಸೇರಿಸಿದರೆ ಮರುದಿನ ಬೆಳಿಗ್ಗೆಯೇ ಕೂಗುವುದು.’

ಹೊರಗೆ ಹೋಗಿ ಬಂದೆವು. ಪಟ್ಟಿಯಲ್ಲಿ ಡಾಂಗಲ್ ಪ್ರತ್ಯಕ್ಷವಾಯಿತು! ಅದರ ಮುಂದೆ ಗುರುತು ಹಾಕಿದರೆ, ಸಾಧನ ಹಿಂದಿನ ಕೋರಿಕೆಯಲ್ಲಿ ನಿರತವಾಗಿದೆ, ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ ಎಂದಿತು. ಸರ್ಕಾರಿ ಕಚೇರಿಗಳಲ್ಲಿ ಪಳಗಿದ ನಮಗೆ ಇದು ಹೊಸ ಮಾತಲ್ಲ. ಕಿತ್ತು ಚುಚ್ಚಿದೆ; ಬಂತು. ತಂತ್ರಾಂಶ ತೆರೆಯಿತು. ಗಣಪತಿಯ ಚಿತ್ರ ಮೂಡಿತು. ಅತ್ತೆ ಊಟಕ್ಕೆ ಕರೆದರು.

ಅಲ್ಲಿಗೇ ಕೈ ತೊಳೆದುಕೊಂಡಿದ್ದರೆ ಈ ಬರಹಕ್ಕೆ ಅವಕಾಶ ಇರುತ್ತಿರಲಿಲ್ಲ. ಆದರೆ ಅತ್ತೆಯ ಹುಳಿ ಉಂಡ ಮೇಲೆ ನನಗೊಂದು ವಿವೇಕ ಹುಟ್ಟಿತು. ಮಾವ ಪ್ರತಿ ಸಲವೂ ಪಟ್ಟಿಗೆ ಹೋಗಿ ಗುರುತು ಹಾಕುವುದು ಯಾಕೆ? ಫಿಲ್ಟರ್ ಎಂದೊಂದು ಇದೆ. ಅದರಲ್ಲಿ ಗೋತ್ರ ನಕ್ಷತ್ರ ಬರೆದಿಟ್ಟರೆ ಆ ಡಾಂಗಲ್ ತಾನಾಗಿಯೇ ಬಾಡಿಗೆದಾರನ ಕೋಣೆಗೆ ಹೋಗುತ್ತದೆ. ಹೊಸ ಫಿಲ್ಟರ್ ಸೇರಿಸುವ ಗುಂಡಿ ಒತ್ತಿದೆ, ಗೋತ್ರ ನಕ್ಷತ್ರದ ಜಾಗ ಖಾಲಿ ಬಿಟ್ಟೆ, ಆಮೇಲೆ ತುಂಬಿದರಾಯಿತೆಂದು ಮಷೀನನ್ನು ಮತ್ತೆ ಎಬ್ಬಿಸಿದೆ.

ಖಾಲಿ ಫಿಲ್ಟರ್ ಎಂದರೆ ಏನೂ ಬೇಡ ಎಂದಲ್ಲ; ಏನಿದ್ದರೂ ಬರಲಿ ಎಂದು ಅರ್ಥ. ವಿಂಡೋಸ್ ಎದ್ದ ಕೂಡಲೇ ಡಾಂಗಲ್ಲನ್ನು ಎಳೆದುಕೊಂಡಿತು. ಹಿಂದೆಯೇ ಮೌಸ್ ಹೋಯಿತು. ಕೀಬೋರ್ಡ್ ಹೋಯಿತು. ಕ್ಯಾಮೆರಾ ಹೋಯಿತು. ಮಾವ ಲ್ಯಾಪ್‌ಟಾಪಿನ ಸಣ್ಣ ಗುಂಡಿಗಳನ್ನು ಒಪ್ಪದೆ ಹಳೆಯ ಕಂಪ್ಯೂಟರಿನ ಕೀಬೋರ್ಡನ್ನೇ ಜೋಡಿಸಿಕೊಂಡಿದ್ದರು. ಅದರಲ್ಲಿ ಏನು ಒತ್ತಿದರೂ ಒಳಗಿನ ಕೋಣೆಯಲ್ಲೇ ಸದ್ದು. ಹೊರಗಿನ ಲಿನಕ್ಸ್ ಕೈಕಾಲು ಕಳೆದುಕೊಂಡು ಮಿಕಮಿಕ ನೋಡುತ್ತಿತ್ತು.

‘ನಿನ್ನ ಬಾಡಿಗೆದಾರ ಮನೆಯ ಪಾತ್ರೆ ಪಡಗವನ್ನೆಲ್ಲ ಒಳಗೆ ಸಾಗಿಸಿಕೊಂಡು ಅಗುಳಿ ಹಾಕಿಕೊಂಡನಲ್ಲಯ್ಯಾ’ ಎಂದರು ಮಾವ.

ಲ್ಯಾಪ್‌ಟಾಪಿನ ಸ್ವಂತ ಗುಂಡಿಗಳು ಯುಎಸ್‌ಬಿಯವಲ್ಲವಾದ್ದರಿಂದ ಬದುಕಿದ್ದವು. ಅವುಗಳಿಂದಲೇ ಬಾಡಿಗೆದಾರನನ್ನು ಮಲಗಿಸಿ, ಫಿಲ್ಟರಿಗೆ ಗೋತ್ರ ನಕ್ಷತ್ರ ಬರೆದು, ಸರಕು ಬಿಡಿಸಿಕೊಂಡೆ. ಎರಡೂವರೆ ಆಗಿತ್ತು. ಇನ್ನು ಮುದ್ರಕವೊಂದನ್ನು ಜೋಡಿಸಿದರೆ ಮುಗಿಯಿತು. ಅದರ ಚಾಲಕ ತಂತ್ರಾಂಶ ಹಾಕಲು ಹೋದೆ. ಪಾಸ್‌ವರ್ಡ್ ಕೇಳಿತು. ಕೊಟ್ಟೆ. ಈ ಬಳಕೆದಾರರಿಗೆ ಅಧಿಕಾರವಿಲ್ಲ, ಈ ಘಟನೆಯನ್ನು ವರದಿ ಮಾಡಲಾಗುವುದು ಎಂದು ಪರದೆಯ ಮೇಲೆ ಬಂತು.

ಯಾರಿಗೆ ವರದಿ? ಮುಖ್ಯೋಪಾಧ್ಯಾಯರು ಪಕ್ಕದಲ್ಲೇ ಕುಳಿತಿದ್ದರು.

ಬೆಳಿಗ್ಗೆ ಇದೇ ಪಾಸ್‌ವರ್ಡ್ ನಡೆದಿತ್ತು. ನೋಟ್‌ಬುಕ್ಕಿನಲ್ಲಿ ಬರೆದ ಆಜ್ಞೆಯನ್ನು ತೆಗೆದು ನೋಡಿದೆ. ಬೆನ್ನಹುರಿ ತಣ್ಣಗಾಯಿತು. ಅಡ್ಡಗೆರೆಯ ಮುಂದೆ ‘ಎ’ ಮತ್ತು ‘ಜಿ’ ಎರಡು ಅಕ್ಷರಗಳಿರಬೇಕಿತ್ತು. ನಾನು ಬರೆದದ್ದು ‘ಜಿ’ ಒಂದನ್ನೇ. ‘ಎ’ ಇದ್ದರೆ, ಇರುವ ಗುಂಪುಗಳ ಜೊತೆಗೆ ಇದನ್ನೂ ಸೇರಿಸು ಎಂದರ್ಥ. ‘ಎ’ ಇಲ್ಲದಿದ್ದರೆ, ಇದೊಂದಕ್ಕೆ ಸೇರಿಸಿ ಉಳಿದೆಲ್ಲ ಗುಂಪುಗಳಿಂದ ಹೆಸರು ಹೊಡೆದುಹಾಕು ಎಂದರ್ಥ. ಅಧಿಕಾರ ಚಲಾಯಿಸುವ ಗುಂಪಿನಿಂದಲೂ, ಮುದ್ರಕದ ಗುಂಪಿನಿಂದಲೂ ಮಾವನನ್ನು ನಾನು ಹತ್ತೂವರೆಯ ಇಡ್ಲಿಯ ಋಣ ಆರುವ ಮುಂಚೆಯೇ ಬಹಿಷ್ಕರಿಸಿದ್ದೆ. ಅವರ ಸ್ವಂತ ಲ್ಯಾಪ್‌ಟಾಪಿನಲ್ಲಿ ಅವರೀಗ ಡಾಂಗಲ್ ನೋಡಿಕೊಂಡು ಕೂರಲು ಮಾತ್ರ ಅರ್ಹರು.

ಅಷ್ಟರಲ್ಲಿ ತಿಪಟೂರಿನವರು ಬಂದರು, ಒಂದು ಚೀಲ ತೆಂಗಿನಕಾಯಿಯ ಸಮೇತ. ಮಾವ ಎದ್ದು ಹೊರಗೆ ಹೋದರು. ನಾನು ನಡುಮನೆಯಲ್ಲಿ ಲ್ಯಾಪ್‌ಟಾಪನ್ನು ಆರಿಸಿ ಹೊತ್ತಿಸಿ, ದುರಸ್ತಿಯ ಹಾದಿಯಿಂದ ಒಳಗೆ ನುಗ್ಗಿ, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳಲ್ಲಿ ಮಾವನನ್ನು ಒಂದೊಂದೇ ಗುಂಪಿಗೆ ಮರಳಿ ಸೇರಿಸುತ್ತಾ ಕುಳಿತೆ. ಪ್ರತಿ ಸಲ ‘ಎ’ ಒತ್ತುವಾಗಲೂ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಜಗುಲಿಯಿಂದ ಮಾವನ ದನಿ ಕೇಳುತ್ತಿತ್ತು: ‘ವರ್ಣ ಒಂದು, ವಶ್ಯ ಎರಡು...’ ಬಂದವರಲ್ಲಿ ಯಾರೋ, ‘ಒಳಗೆ ಯಾರು ಎ ಎ ಎನ್ನುತ್ತಿರುವುದು?’ ಎಂದು ಕೇಳಿದರು. ‘ನಮ್ಮ ಅಳಿಯ, ಅಕ್ಷರಾಭ್ಯಾಸ ನಡೆಯುತ್ತಿದೆ’ ಎಂದರು ಮಾವ.

ಮುದ್ರಕ ಮಾತು ಕೇಳಿ, ವಿಂಡೋಸ್ ಎದ್ದು, ಡಾಂಗಲ್ ತಾನಾಗಿಯೇ ಒಳಗೆ ಹೋಗಿ, ಬಣ್ಣದ ಹಾಳೆ ಹೊರಬಂದಾಗ ಗಂಟೆ ನಾಲ್ಕು ಇಪ್ಪತ್ತು. ಎದೆಯುಬ್ಬಿಸಿಕೊಂಡು ಜಗುಲಿಗೆ ಓಡಿದೆ. ತಿಪಟೂರಿನವರು ಕಾಫಿ ಮುಗಿಸಿ ಚಪ್ಪಲಿ ಹುಡುಕುತ್ತಿದ್ದರು. ಮಾವ ಮಡಿಲಲ್ಲಿ ಪಂಚಾಂಗ, ಕೈಯಲ್ಲಿ ಪೆನ್ನು ಇಟ್ಟುಕೊಂಡು ಒಂದು ಬಿಳಿ ಹಾಳೆಯಲ್ಲಿ ಎಂಟು ಕೂಟಗಳನ್ನೂ ಬರೆದು ಮುಗಿಸಿದ್ದರು. 36ಕ್ಕೆ 22½. ಇಪ್ಪತ್ತು ನಿಮಿಷ ಹಿಡಿಯಿತಂತೆ.

ನನ್ನ ಹಾಳೆಯನ್ನು ತೆಗೆದುಕೊಂಡು ಸಾಲು ಸಾಲಾಗಿ ತಾಳೆ ನೋಡಿದರು. ಅದರಲ್ಲೂ 22½. ಜೇಬಿನಿಂದ ಕೆಂಪು ಪೆನ್ನು ತೆಗೆದು ಮೂಲೆಯಲ್ಲಿ ‘ಸರಿ’ ಎಂದು ಗುರುತು ಹಾಕಿ ಬಂದವರ ಕೈಗಿತ್ತರು. ಅವರು ಹೊರಟ ಮೇಲೆ ನೋಟ್‌ಬುಕ್ ತರಿಸಿಕೊಂಡು, ಬೆಳಿಗ್ಗೆ ನಾನು ಬರೆದ ಆಜ್ಞೆಯಲ್ಲಿ ‘ಎ’ ಇರಬೇಕಾಗಿದ್ದ ಜಾಗದ ಸುತ್ತ ಅದೇ ಕೆಂಪು ಪೆನ್ನಿನಿಂದ ಸೊನ್ನೆ ಸುತ್ತಿದರು.

‘ಹತ್ತು ಸಲ ಬರೆ.’

ನಲವತ್ತೆರಡು ವರ್ಷದವನು ಜಗುಲಿಯ ಮೇಲೆ ಕಾಲು ಮಡಿಸಿ ಕುಳಿತು ಬರೆದೆ. ಅತ್ತೆ ಡಾಂಗಲ್ಲನ್ನು ಈ ಸಲ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಭರಣಿಗೆ ಇಳಿಸಿ ಬಂದರು, ನನ್ನ ಹೆಗಲ ಮೇಲಿನಿಂದ ಬಗ್ಗಿ ಓದಿದರು, ಏಳನೆಯ ಸಾಲಿನ ಮೇಲೆ ಬೆರಳಿಟ್ಟು ಮಾವನನ್ನು ಕರೆದರು. ಅಲ್ಲಿ ಮತ್ತೆ ‘ಎ’ ಇರಲಿಲ್ಲ.