ಸತ್ಯಾಂಶ: ಒಂದು ಜೀನ್‌ನಿಂದ ಒಂದೇ ಪ್ರೋಟೀನಾ?

"ಒಂದು ಜೀನ್‌ಗೆ ಒಂದೇ ಪ್ರೋಟೀನ್, ಡಿಎನ್‌ಎಯಲ್ಲಿ ಬರೆದಿದ್ದೇ ಅಂತಿಮ" ಎಂಬ ಸಂದೇಶ ಆಗಾಗ ಫಾರ್ವರ್ಡ್ ಆಗುತ್ತದೆ. ಅದು ಸರಿಯಲ್ಲ.

ಮನುಷ್ಯರಲ್ಲಿ ಪ್ರೋಟೀನ್ ಮಾಡಿಸುವ ಜೀನ್‌ಗಳು ಸುಮಾರು 20,000. ಪ್ರೋಟೀನ್‌ಗಳ ಬಗೆಗಳು ಅದಕ್ಕಿಂತ ತುಂಬಾ ಜಾಸ್ತಿ. ಇದಕ್ಕೆ ಮುಖ್ಯ ಕಾರಣ ಸ್ಪ್ಲೈಸಿಂಗ್. ಜೀನ್‌ನಿಂದ ಮೊದಲು ಉದ್ದನೆಯ ಆರ್‌ಎನ್‌ಎ ಪ್ರತಿ ಬರುತ್ತದೆ. ಜೀವಕೋಶ ಅದರ ಕೆಲವು ತುಂಡುಗಳನ್ನು ಕತ್ತರಿಸಿ ತೆಗೆದು, ಉಳಿದವನ್ನು ಜೋಡಿಸುತ್ತದೆ. 1977ರಲ್ಲಿ ಇದನ್ನು ಕಂಡುಹಿಡಿದ ರಿಚರ್ಡ್ ರಾಬರ್ಟ್ಸ್ ಮತ್ತು ಫಿಲಿಪ್ ಶಾರ್ಪ್ ಅವರಿಗೆ 1993ರಲ್ಲಿ ನೊಬೆಲ್ ಬಂತು.

ಜೋಡಣೆ ಬದಲಾದರೆ ಪ್ರೋಟೀನ್ ಕೂಡ ಬದಲಾಗುತ್ತದೆ. ಬಿಸಿಎಲ್-ಎಕ್ಸ್ ಎಂಬ ಜೀನನ್ನೇ ನೋಡಿ. ಅದರಿಂದ ಬರುವ ಪ್ರೋಟೀನ್‌ನ ಉದ್ದನೆಯ ರೂಪ ಜೀವಕೋಶವನ್ನು ಉಳಿಸುತ್ತದೆ, ಗಿಡ್ಡ ರೂಪ ಸಾವಿನತ್ತ ತಳ್ಳುತ್ತದೆ. ಎಷ್ಟು ದೊಡ್ಡ ವ್ಯತ್ಯಾಸ, ಅಲ್ವಾ?

ಯಾವ ತುಂಡು ಉಳಿಯಬೇಕು ಎಂಬುದು ಸುಮ್ನೆ ನಿರ್ಧಾರವಾಗುವುದಿಲ್ಲ. ಆರ್‌ಎನ್‌ಎಗೆ ಅಂಟಿಕೊಂಡು ದಾರಿ ತೋರಿಸುವ ಎಸ್‌ಆರ್ ಪ್ರೋಟೀನ್‌ಗಳಿವೆ. ಅವುಗಳನ್ನು ಹತೋಟಿಯಲ್ಲಿ ಇಡುವವು ಎಂಜೈಮ್‌ಗಳು. ಎಸ್‌ಆರ್‌ಪಿಕೆ1 ಎಂಬ ಎಂಜೈಮ್ ಎಸ್‌ಆರ್ ಪ್ರೋಟೀನ್‌ಗಳಿಗೆ ಫಾಸ್ಫೇಟ್ ಎಂಬ ಸಣ್ಣ ರಾಸಾಯನಿಕ ತುಣುಕನ್ನು ಅಂಟಿಸಿದಾಗ ಅವು ಕೋಶಕೇಂದ್ರದ ಒಳಗೆ ಹೋಗುತ್ತವೆ. ಒಳಗೆ ಸಿಎಲ್‌ಕೆ ಎಂಜೈಮ್‌ಗಳು ಇನ್ನಷ್ಟು ಫಾಸ್ಫೇಟ್ ಸೇರಿಸಿ, ಗುಂಪಾಗಿ ಕೂತ ಅವುಗಳನ್ನು ಕೆಲಸಕ್ಕೆ ಬಿಡುತ್ತವೆ. ನನಗೆ ಅತಿ ಚೆಂದ ಅನಿಸುವುದು ಮುಂದಿನ ಹಂತ: ಸ್ಪ್ಲೈಸಿಂಗ್ ಮುಗಿಯಲು ಆ ಫಾಸ್ಫೇಟ್‌ಗಳಲ್ಲಿ ಕೆಲವನ್ನು ಬೇರೆ ಎಂಜೈಮ್‌ಗಳು ತೆಗೆಯಲೂ ಬೇಕು. ಅಂಟಿಸುವುದು ಹೆಚ್ಚಾದರೂ ತೊಂದರೆ, ಕಡಿಮೆಯಾದರೂ ತೊಂದರೆ.

ಹಾಗಂತ ಡಿಎನ್‌ಎ ಮುಖ್ಯವಲ್ಲ ಎಂದಲ್ಲ. ಕತ್ತರಿಸುವ ಜಾಗದ ಗುರುತುಗಳು ಇರುವುದು ಅದರಲ್ಲೇ.