ಮೆಥನಾಲ್ ಸಕ್ಕರೆಯಿಂದ ಬರುವುದಲ್ಲ

ಮನೆಯಲ್ಲೇ ಸಾರಾಯಿ ಇಳಿಸುವ ಬಗ್ಗೆ ನಿಮ್ಮ ಬರಹದಲ್ಲಿ, ಸಕ್ಕರೆ ನೀರಿಗೆ ಯೀಸ್ಟ್ ಹಾಕಿ ಕೊಳೆಸಿದರೆ ಮೆಥನಾಲ್ ಎಂಬ ವಿಷಕಾರಿ ಆಲ್ಕೋಹಾಲ್ ಹುಟ್ಟುತ್ತದೆ, ಭಟ್ಟಿಯಲ್ಲಿ ಮೊದಲು ಇಳಿದದ್ದನ್ನು ಚೆಲ್ಲಿಬಿಟ್ಟರೆ ಉಳಿದದ್ದು ಸೇಫ್ ಅಂತ ಬರೆದಿದ್ದೀರಲ್ಲ, ಎರಡೂ ತಪ್ಪು ಸರ್. ಮೆಥನಾಲ್ ಹೆಚ್ಚಾಗಿ ಬರುವುದು ಹಣ್ಣಿನ ಸಿಪ್ಪೆ, ತಿರುಳಿನಲ್ಲಿರುವ ಪೆಕ್ಟಿನ್ ಎಂಬ ಅಂಟಿನಂಥ ಪದಾರ್ಥದಿಂದ. ಬರೀ ಸಕ್ಕರೆಯಲ್ಲಿ ಪೆಕ್ಟಿನ್ ಎಲ್ಲಿದೆ? 2024ರ ಜೂನ್‌ನಲ್ಲಿ ತಮಿಳುನಾಡಿನ ಕಳ್ಳಕುರಿಚಿಯಲ್ಲಿ 60ಕ್ಕೂ ಜಾಸ್ತಿ ಜನ ಸತ್ತರಲ್ಲ, ಅಲ್ಲಿ ಸಾರಾಯಿಗೆ ಕಾರ್ಖಾನೆಯ ಮೆಥನಾಲ್ ಬೆರೆಸಿದ್ದರು, ಹಾಗೆ ಬೆರೆತದ್ದು ಭಟ್ಟಿ ಇಳಿಸಿದರೂ ಮೊದಲ ಲೋಟದಲ್ಲೇ ಇಳಿದು ಮುಗಿಯುವುದಿಲ್ಲ, ಎಥನಾಲ್ (ಮದ್ಯದಲ್ಲಿರುವ ಮಾಮೂಲಿ ಆಲ್ಕೋಹಾಲ್) ಜೊತೆ ಕೊನೆವರೆಗೂ ಬರುತ್ತಲೇ ಇರುತ್ತದೆ. ಕುಡಿಯುವವನಿಗೆ ರುಚಿಯಲ್ಲೂ ಗೊತ್ತಾಗುವುದಿಲ್ಲ, ವಾಸನೆಯಲ್ಲೂ ಇಲ್ಲ.

2007ರಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದ ಮೇಲೂ ನಮ್ಮ ಹಾವೇರಿ, ಗದಗ ಕಡೆ ಅಬಕಾರಿಯವರು ಬೆಲ್ಲದ ಕೊಳೆ (ಸಾರಾಯಿಗೆಂದು ಕೊಡದಲ್ಲಿ ಕೊಳೆಸಿಟ್ಟ ಬೆಲ್ಲದ ನೀರು) ಚೆಲ್ಲಿಸಿದ ಸುದ್ದಿ ಪೇಪರಿನಲ್ಲಿ ಆಗಾಗ ಬರುತ್ತದೆ. ಆ ಕೊಡದಲ್ಲಿರುವ ಬೆಲ್ಲಕ್ಕಿಂತ, ಆಮೇಲೆ ಕಿಕ್ ಬರಲಿ ಅಂತ ಯಾರು ಏನು ಸುರಿಯುತ್ತಾರೋ ಅದೇ ನನಗೆ ಭಯ.

ಇನ್ನು ನಿಮ್ಮ ಬರಹದ ಆ 'ಮನೆಯಲ್ಲೇ ಟ್ರೈ ಮಾಡಿ' ಸಾಲು. ಲೈಸೆನ್ಸ್ ಇಲ್ಲದೆ ಭಟ್ಟಿ ಇಳಿಸುವುದು ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಅಪರಾಧ, ಒಂದೇ ಲೀಟರ್ ಆದರೂ ಅಷ್ಟೇ. ಗ್ಯಾಸ್ ಒಲೆ ಪಕ್ಕ ಆಲ್ಕೋಹಾಲ್ ಆವಿ ಸೋರಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ ಅಂತಲೂ ನೀವು ಎಲ್ಲೂ ಹೇಳಿಲ್ಲ.